ಕುಳಿತೇ ತಟ್ಟಿದ ಚಪ್ಪಾಳೆ

ಮ್ಯೂನ್‌ಸ್ಟರ್, ಜರ್ಮನಿ
ಸೋಮವಾರ, ೪ ಡಿಸೆಂಬರ್ ೨೦೦೬

ಪ್ರೀತಿಯ ಗೆಜೀನೆ,

ನಿನ್ನ ಕುಶಲ ಕೇಳುವುದಕ್ಕೆ ಮೊದಲು ನಿನ್ನ ಅಣ್ಣ ವೋಲ್ಫ್ರಾಮ್ ನಿನಗೆ ಕಳುಹಿಸಿದ ಮಿಂಚಂಚೆಯನ್ನು ತಿದ್ದಬೇಕಾಗಿದೆ. ನಿನ್ನೆ ದೂರವಾಣಿಯಲ್ಲಿ ಅದನ್ನು ಅವನ ಬಾಯಿಂದಲೇ ಓದಿಸಿಕೊಂಡೆ. ಓದುವಾಗ ಎರಡು ಸಲ ಕೆಮ್ಮಿದ. ಮನೆಪಾಠ ಬರೆಯದೆ ಬಂದಾಗ ಚಿಕ್ಕಂದಿನಲ್ಲಿಯೂ ಹೀಗೆಯೇ ಕೆಮ್ಮುತ್ತಿದ್ದ. ಅವನು ಬರೆದದ್ದು ಇಷ್ಟು: "ಅಮ್ಮಂಗೆ ಮೊಣಕಾಲು ನೋವು ಕಣೇ. ಡೇವೆಂಟರ್‌ನಲ್ಲಿ ನಿನ್ನ ನಾಟಕ ಮುಗಿದಾಗ ಏಳೋಕೇ ಆಗ್ಲಿಲ್ಲ ಪಾಪ. ತುಂಬಾ ನೊಂದ್ಕೊಂಡಿದಾಳೆ." ಮೂರು ವಾಕ್ಯಗಳು. ಮೊದಲಿನ ಎರಡು ಸುಳ್ಳು, ಮೂರನೆಯದು ಅರ್ಧ ಸುಳ್ಳು. ನನ್ನ ಮೊಣಕಾಲುಗಳು, ಎಡಗಡೆಯದೂ ಬಲಗಡೆಯದೂ, ಚೆನ್ನಾಗಿವೆ. ಈ ಮನೆಯ ನಾಲ್ಕು ಮಹಡಿಗಳನ್ನು ದಿನಕ್ಕೆ ಎರಡು ಸಲ, ಆಲೂಗಡ್ಡೆಯ ಚೀಲದೊಡನೆ, ಹತ್ತಿ ಇಳಿಯುತ್ತೇನೆ. ಅಕ್ಟೋಬರ್ ಹದಿನಾಲ್ಕರ ಸಂಜೆ, ನಿಮ್ಮ ಡಚ್ ನಾಡಿನ ಆ ಊರಿನಲ್ಲಿ ಆರುನೂರು ಜನ ಎದ್ದು ನಿಂತು ನಿನಗೆ ಚಪ್ಪಾಳೆ ತಟ್ಟುತ್ತಿದ್ದಾಗ, ನಾನು ಏಳಬಲ್ಲವಳಾಗಿದ್ದೆ. ಏಳಬಾರದೆಂದು ತೀರ್ಮಾನಿಸಿ ಕುಳಿತಿದ್ದೆ.

ಈಗ ಕುಶಲ. ಕಳೆದ ತಿಂಗಳು ಕಟ್ಟಿಕೊಂಡಿದ್ದ ನಿನ್ನ ಗಂಟಲು ಬಿಟ್ಟಿದೆಯೇ? ಅದು ನನಗೆ ಹೇಗೆ ತಿಳಿಯಿತೆಂದು ಸದ್ಯಕ್ಕೆ ಕೇಳಬೇಡ. ಬಿಸಿನೀರಿಗೆ ಸೇಜ್ ಎಲೆ ಹಾಕಿ ಮುಕ್ಕಳಿಸು. ಅಂಗಡಿಯ ಬಣ್ಣದ ಗುಳಿಗೆಗಳನ್ನು ಚೀಪಿ ನಾಲಿಗೆ ಕೆಡಿಸಿಕೊಳ್ಳಬೇಡ. ಶೂರ್ಡ್‌ಗೆ ವ್ಯಾನು ಓಡಿಸಿ ಓಡಿಸಿ ಬರುವ ಬೆನ್ನುನೋವು ಹೇಗಿದೆ? ಅಳಿಯ ಎಂದು ಹೇಳುತ್ತಿಲ್ಲ, ಅಷ್ಟು ಉದ್ದದ ಮನುಷ್ಯ ಅಷ್ಟು ಸಣ್ಣ ವ್ಯಾನಿನೊಳಗೆ ಮಡಚಿಕೊಂಡು ಕೂರಬಾರದು. ಇಲ್ಲಿ ಚಳಿ ಇನ್ನೂ ಬಿಗಿಯಾಗಿಲ್ಲ. ನಿನ್ನೆ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಮೇಣದಬತ್ತಿ ಹಚ್ಚಿದೆ. ನಿನ್ನ ತಂದೆಯ ಸಮಾಧಿಗೆ ಚಳಿಗಾಲದ ಫರ್ ಮರದ ಸೊಪ್ಪು ಹೊದಿಸಿ ಬಂದೆ.

ನೀನು ಕಳುಹಿಸಿದ ಕುರಿ ಉಣ್ಣೆಯ ಮೊಣಕಾಲು ಕವಚ ಬಂತು. ನೀನೇ ಹೆಣೆದದ್ದೆಂದು ಅಂಚು ನೋಡಿದೊಡನೆ ಗೊತ್ತಾಯಿತು. ಕೊನೆಯ ಸುತ್ತನ್ನು ನೀನು ಯಾವಾಗಲೂ ಬಿಗಿಯಾಗಿ ಎಳೆಯುತ್ತೀಯೆ. ಅದರೊಳಗಿದ್ದ ಚೀಟಿಯನ್ನೂ ಓದಿದೆ: "ಅಣ್ಣ ಎಲ್ಲಾ ಬರ್ದಿದಾನೆ. ನಂಗೆ ಎಷ್ಟು ಹಗುರ ಆಯ್ತು ಗೊತ್ತಾ ಅಮ್ಮ? ನಾನು ಏನೇನೋ ಅಂದ್ಕೊಂಡಿದ್ದೆ. ಮುಂದಿನ ಸಲ ಗಾಲಿಕುರ್ಚಿಯೋರ ಜಾಗದ ಪಕ್ಕ ನಿಂಗೆ ಸೀಟು ಹಿಡಿದಿಡ್ತೀನಿ." ಮಗಳೇ, ನಾಲ್ಕು ವಾರ ನನ್ನೊಡನೆ ಮಾತು ಬಿಟ್ಟಿದ್ದವಳು ನೀನು. ಈಗ ಕ್ಷಮಿಸಿದ್ದೀಯೆ. ಆದರೆ ನೀನು ಕ್ಷಮಿಸಿರುವುದು ನನ್ನನ್ನಲ್ಲ, ವೋಲ್ಫ್ರಾಮ್ ಕಟ್ಟಿದ ಮೊಣಕಾಲು ನೋವಿನ ಒಬ್ಬ ಮುದುಕಿಯನ್ನು. ಆ ಮುದುಕಿಯ ಹೆಸರಿಗೆ ಬಂದ ಕ್ಷಮೆಯನ್ನು ನಾನು ತೆಗೆದುಕೊಳ್ಳಲಾರೆ. ಕವಚವನ್ನು ಈ ಪತ್ರದೊಡನೆ ಹಿಂದಿರುಗಿಸುತ್ತಿದ್ದೇನೆ. ಒಮ್ಮೆಯೂ ಹಾಕಿಕೊಂಡಿಲ್ಲ.

ಅಂದು ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ನಾನು ಮೂರನೆಯ ಸಾಲಿನಲ್ಲಿ, ನಿನ್ನ ಅತ್ತೆ ಆಲ್ಟ್ಯೆ ಮತ್ತು ವೋಲ್ಫ್ರಾಮ್ ಇವರ ನಡುವೆ ಕುಳಿತಿದ್ದೆ. ನಿನ್ನ ಕೊನೆಯ ಮಾತು ಮುಗಿದು ದೀಪ ಇನ್ನೂ ಪೂರ್ತಿ ಆರಿರಲಿಲ್ಲ. ಯಾರೋ ಗುಂಡಿ ಒತ್ತಿದ ಹಾಗೆ ಸಭಾಂಗಣವೆಲ್ಲ ಎದ್ದುಬಿಟ್ಟಿತು. ಕತ್ತಲೆಯಲ್ಲಿ ಒಂದು ಉಸಿರು ತೆಗೆದುಕೊಳ್ಳುವಷ್ಟು ವ್ಯವಧಾನವನ್ನೂ ನಾಟಕಕ್ಕೆ ಅವರು ಕೊಡಲಿಲ್ಲ. ಆಲ್ಟ್ಯೆ ನನ್ನ ಮೊಣಕೈ ಚಿವುಟಿದರು. "ಏಳ್ರೀ ಬೀಗಿತ್ತೀ! ಮಗಳು ನೋಡ್ತಿದಾಳೆ!" ಎಂದರು. "ನೋಡಲಿ, ಚಪ್ಪಾಳೆ ತಟ್ಟುತ್ತಿದ್ದೇನೆ" ಎಂದೆ. "ಕೂತ್ಕೊಂಡಾ? ನಮ್ಮಲ್ಲಿ ಕೂತ್ಕೊಂಡು ತಟ್ಟಿದ್ರೆ ಉಗಿದ ಹಾಗೆ!" ಎಂದರು. "ನಮ್ಮಲ್ಲಿ ಕುಳಿತು ತಟ್ಟಿದರೆ ತಟ್ಟಿದ ಹಾಗೆ" ಎಂದೆ. ಇದನ್ನು ಯಾರೂ ನಿನಗೆ ಹೇಳಿರಲಾರರು: ನಾನು ತಟ್ಟುತ್ತಲೇ ಇದ್ದೆ. ನಿಂತವರೆಲ್ಲ ಎರಡೇ ನಿಮಿಷಕ್ಕೆ ಕೈ ನಿಲ್ಲಿಸಿ ಬಿಯರಿನ ಕಡೆಗೆ ನಡೆದ ಮೇಲೂ, ನಿನ್ನ ತಂದೆಯೂ ನಾನೂ ಮೂವತ್ತನಾಲ್ಕು ವರ್ಷ ತಟ್ಟಿದ ಹಾಗೆ, ಅಂಗೈ ಬಿಸಿಯಾಗುವ ತನಕ ತಟ್ಟಿದೆ. ನಿನಗೆ ಕೇಳಿಸಿದ್ದು ಅವರ ಕಾಲುಗಳು, ಕಂಡದ್ದು ನನ್ನ ಕುರ್ಚಿ.

ಆಮೇಲೆ ಹೊರಗಿನ ಹಜಾರದಲ್ಲಿ, ಬಿಸಿ ಮಾಂಸದುಂಡೆಯ ತಟ್ಟೆಗಳ ನಡುವೆ, ಅರ್ಧ ಬಣ್ಣ ಒರೆಸಿದ ಮುಖ ಹೊತ್ತು ನೀನು ನೇರವಾಗಿ ನನ್ನ ಬಳಿಗೆ ಬಂದೆ. "ಅಮ್ಮಾ, ನೀನೊಬ್ಳೇ ಕೂತಿದ್ದೆ. ಮೇಲಿಂದ ನೋಡಿದ್ರೆ ಮೂರನೇ ಸಾಲಲ್ಲಿ ಒಂದು ಹಲ್ಲು ಬಿದ್ದ ಹಾಗಿತ್ತು" ಎಂದೆ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ವೋಲ್ಫ್ರಾಮ್ "ಮೊಣಕಾಲು ಕಣೇ, ಮೊಣಕಾಲು!" ಎಂದು ಕೂಗಿ, ಎಲ್ಲಿಂದಲೋ ಒಂದು ಕುರ್ಚಿ ಎಳೆದು ತಂದು ನನ್ನ ಹಿಂದೆ ಇಟ್ಟ. ನಾನು ಆ ಕುರ್ಚಿಯ ಮೇಲೆ ಕುಳಿತೆ.

ಗೆಜೀನೆ, ನನ್ನ ತಪ್ಪು ಅದು. ಸಭಾಂಗಣದೊಳಗೆ ಕುಳಿತದ್ದು ತಪ್ಪಲ್ಲ. ಹಜಾರದಲ್ಲಿ ಕುಳಿತದ್ದು ತಪ್ಪು. ಮೂವತ್ತೆಂಟು ವರ್ಷ ಮಕ್ಕಳಿಗೆ "ಮೌನವೂ ಒಂದು ಉತ್ತರ, ಅದಕ್ಕೂ ಅಂಕವಿದೆ" ಎಂದು ಪಾಠ ಹೇಳಿದವಳು ನಾನು. ಆ ಹಾಳು ಕುರ್ಚಿಯ ಮೇಲೆ ಬಾಯಿ ಮುಚ್ಚಿಕೊಂಡು ಕುಳಿತು ಮಗನ ಸುಳ್ಳಿಗೆ ರುಜು ಹಾಕಿದೆ. ನೊಂದುಕೊಂಡಿದ್ದಾಳೆ ಎಂದು ಅವನು ಬರೆದ ಮೂರನೆಯ ವಾಕ್ಯ ಅರ್ಧ ನಿಜವಾದದ್ದು ಅಲ್ಲಿ. ನೀನು ಎರಡು ಕ್ಷಣ ನನ್ನ ಮುಖ ನೋಡಿದೆ, ನಂಬಲಿಲ್ಲ, ಹೊರಟುಹೋದೆ. ನಾಲ್ಕು ವಾರ ಫೋನು ಎತ್ತಲಿಲ್ಲ. ಆ ಸಿಟ್ಟು ನಿಜವಾದ ಸಿಟ್ಟು. ಅದನ್ನು ನಾನು ಗೌರವಿಸುತ್ತಿದ್ದೆ. ಉಣ್ಣೆಯ ಕವಚಕ್ಕಿಂತ ಅದು ನನ್ನನ್ನು ಹೆಚ್ಚು ಬೆಚ್ಚಗೆ ಇಟ್ಟಿತ್ತು ಎಂದರೆ ನೀನು ನಂಬಬೇಕು.

ಹಾಗಾದರೆ ಏಕೆ ಏಳಲಿಲ್ಲ? ನಿನ್ನ ನಾಟಕದ ದೋಣಿಯವಳು ಇಡೀ ಆಯುಷ್ಯ ಹಗ್ಗ ಎಳೆದು ಊರಿನವರನ್ನೆಲ್ಲ ಆ ದಡಕ್ಕೆ ದಾಟಿಸುತ್ತಾಳೆ. ತಾನು ಒಂದು ದಿನವೂ ಅತ್ತ ಇಳಿಯುವುದಿಲ್ಲ. ಕೊನೆಗೆ ಸೇತುವೆ ಕಟ್ಟಿದ ಮೇಲೆ, ಕಟ್ಟಕಡೆಯ ದಿನ, ಖಾಲಿ ದೋಣಿಯಲ್ಲಿ ನಿಂತು "ಆ ದಡದಲ್ಲಿ ನನಗೇನೂ ಕೆಲಸವಿಲ್ಲ" ಎನ್ನುತ್ತಾಳೆ. ಡೇವೆಂಟರ್‌ನಲ್ಲಿ ಆ ಮಾತು ಹೇಳುವಾಗ ನೀನು ಅತ್ತುಬಿಟ್ಟೆ. ಸ್ವರ ನಡುಗಿಸಿದೆ, ಕಣ್ಣೀರು ದೀಪಕ್ಕೆ ಹೊಳೆಯುವಂತೆ ಕತ್ತು ತುಸು ಎತ್ತಿದೆ. ನಾವು ಅಳುವುದಕ್ಕೆ ಸಿದ್ಧರಾಗಿದ್ದೆವು; ನೀನು ನಮ್ಮ ಪಾಲಿನ ಅಳುವನ್ನೂ ಅತ್ತು ಮುಗಿಸಿ ನಮಗೆ ಏನೂ ಉಳಿಸಲಿಲ್ಲ. ಅದಕ್ಕೆ ಮೊದಲಿನ ಒಂದು ಗಂಟೆ ಚೆನ್ನಾಗಿತ್ತು. ಅಜ್ಜಿಯಿಂದ ಕಲಿತ ನಮ್ಮ ಹಳ್ಳಿಯ ನುಡಿ ನಿಮ್ಮ ಡಚ್ಚಿಗೆ ನೆಂಟ; ಮುಕ್ಕಾಲು ಮಾತು ನನಗೆ ಅರ್ಥವಾಯಿತು. ಕೊನೆಯ ನಾಲ್ಕು ನಿಮಿಷ ಸುಳ್ಳಾಗಿತ್ತು. ಆ ಸುಳ್ಳಿಗಾಗಿಯೇ ಆರುನೂರು ಜನ ಎದ್ದರು, ಅದಕ್ಕೇ ನಾನು ಏಳಲಿಲ್ಲ.

ನಿಮ್ಮ ಕಡೆಯ ಡಚ್ಚರು ಪ್ರತಿಯೊಂದಕ್ಕೂ ಏಳುತ್ತಾರೆ ಎಂದು ನಾನು ಹೇಳಿದರೆ ನಿನಗೆ ಸಿಟ್ಟು ಬರುತ್ತದೆ. ಬರಲಿ. ಹುಟ್ಟುಹಬ್ಬದ ದಿನ ಹುಟ್ಟಿದವನಿಗಷ್ಟೇ ಅಲ್ಲ, ಅವನ ಸೋದರಮಾವನಿಗೂ ಪಕ್ಕದ ಮನೆಯವನಿಗೂ ಕೈ ಕುಲುಕಿ ಅಭಿನಂದನೆ ಹೇಳುವ ಜನ ಅವರು. ಒಳ್ಳೆಯ ಮನಸ್ಸಿನವರು, ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲ ಮಕ್ಕಳಿಗೂ ಮೊದಲ ದರ್ಜೆ ಕೊಡುವ ಶಿಕ್ಷಕಿ ಯಾವ ಮಗುವಿಗೂ ಏನನ್ನೂ ಕೊಟ್ಟಿರುವುದಿಲ್ಲ. ಪ್ರಬಂಧಕ್ಕೆ ನಾನು ಮೂವತ್ತೆಂಟು ವರ್ಷಗಳಲ್ಲಿ ಹನ್ನೊಂದು ಮಕ್ಕಳಿಗೆ ಮಾತ್ರ ಮೊದಲ ದರ್ಜೆ ಕೊಟ್ಟೆ. ಆ ಹನ್ನೊಂದೂ ಹೆಸರುಗಳನ್ನು ಈಗಲೂ ಹೇಳಬಲ್ಲೆ. ಎರಡು ವರ್ಷ ನನ್ನ ತರಗತಿಯಲ್ಲೇ ಕುಳಿತಿದ್ದ ನಿನ್ನ ಹೆಸರು ಅದರಲ್ಲಿಲ್ಲ. ಅದೂ ನಿನಗೆ ನೆನಪಿದೆ ಎಂದು ಬಲ್ಲೆ.

ಶೂರ್ಡ್ ಒಮ್ಮೆ ನನ್ನ ಊಟದ ಮೇಜಿನಲ್ಲಿ, ನಾನು ಮಾಡಿದ ಸೌರ್‌ಬ್ರಾಟನ್ ಮಾಂಸ ತಿನ್ನುತ್ತ, "ಅತ್ತೆ, ನಿಮ್ಮೂರಲ್ಲಿ ನಟ ಸತ್ತ ಮೇಲೆ ಎದ್ದು ನಿಲ್ತಾರೆ, ನಮ್ಮೂರಲ್ಲಿ ಬದುಕಿದ್ದಾಗ್ಲೇ ನಿಂತುಬಿಡ್ತಾರೆ, ಅಷ್ಟೇ ವ್ಯತ್ಯಾಸ" ಎಂದ. ಅದಕ್ಕೆ ಉತ್ತರ ನನಗೆ ಮೂರು ದಿನದ ಮೇಲೆ ಪಾತ್ರೆ ತೊಳೆಯುವಾಗ ತೋಚಿತು. ಈಗ ಅವನಿಗೆ ಓದಿ ಹೇಳು: ಬದುಕಿರುವ ನಟನಿಗೆ ನಾವು ಕೊಡುವುದು ನಮ್ಮ ಅಭಿಪ್ರಾಯ. ನಿನ್ನ ತಂದೆ ಎಗ್ಬರ್ಟ್‌ರನ್ನು ನೆನೆದುಕೋ. ನಮ್ಮ ನಗರ ರಂಗಮಂದಿರದಲ್ಲಿ ಆರನೆಯ ಸಾಲು, ಹನ್ನೆರಡನೆಯ ಆಸನ, ವರ್ಷ ವರ್ಷವೂ ಚಂದಾ ಕಟ್ಟಿ ಕಾದಿರಿಸಿದ್ದು. ಅವರ ಪಕ್ಕ ಹನ್ನೊಂದರಲ್ಲಿ ನಾನು. ಮೂವತ್ತನಾಲ್ಕು ವರ್ಷದ ಚಂದಾದಲ್ಲಿ ಅವರು ಒಂದೇ ಒಂದು ಸಲ, ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ, "ಬೂ" ಎಂದು ನಟನನ್ನು ಧಿಕ್ಕರಿಸಿ ಕೂಗಿದರು. ಆ ಸೌಮ್ಯ ಮನುಷ್ಯನ ಎದೆಯೊಳಗೆ ಅಷ್ಟು ದೊಡ್ಡ ಸ್ವರವಿತ್ತೆಂದು ನನಗೂ ಗೊತ್ತಿರಲಿಲ್ಲ. ಮರುದಿನ ಮೂರು ಪುಟದ ಪತ್ರ ಬರೆದು, ಎರಡನೆಯ ಅಂಕದಲ್ಲಿ ರಾಜನ ಪಾತ್ರಧಾರಿ ಎಲ್ಲಿ ದಾರಿ ತಪ್ಪಿದನೆಂದು ವಿವರಿಸಿ ರಂಗಮಂದಿರಕ್ಕೆ ಕಳುಹಿಸಿದರು. ಆ ನಟ, ಲುಟ್ಗರ್ ಪ್ರಾಂಗೆ, ಮಾರುತ್ತರ ಬರೆದ: "ಎರಡನೇ ಅಂಕದ ವಿಷಯ ನೀವು ಹೇಳಿದ್ದು ಸರಿ. ಮೂರನೇದು ಸರಿ ಇಲ್ಲ. ಶುಕ್ರವಾರ ಮತ್ತೆ ಬಂದು ನೋಡಿ." ಹೋದೆವು. ಅಂದಿನಿಂದ ಪ್ರಾಂಗೆ ಸಾಯುವವರೆಗೆ ಪ್ರತಿ ಹೊಸ ವರ್ಷಕ್ಕೂ ಇಬ್ಬರೂ ಶುಭಾಶಯ ಬರೆದುಕೊಂಡರು. ಚಪ್ಪಾಳೆ ತಟ್ಟಿದ ಸಾವಿರಾರು ಜನರಲ್ಲಿ ಯಾರ ಹೆಸರೂ ಪ್ರಾಂಗೆಗೆ ಗೊತ್ತಿರಲಿಲ್ಲ. ಕೂಗಿದವರ ಹೆಸರು ಗೊತ್ತಿತ್ತು.

ಸಿನಿಮಾದ ವಿಷಯವೂ ನಮ್ಮಿಬ್ಬರ ನಡುವೆ ಬಾಕಿ ಇದೆ. ಅದನ್ನೂ ಇಂದೇ ಮುಗಿಸುತ್ತೇನೆ. ನೀನು ಕಲೋನ್ ನಗರದ ಡಬ್ಬಿಂಗ್ ಕೋಣೆಯ ಕೆಲಸ ಬಿಟ್ಟು ಗಡಿ ದಾಟಿದಾಗ "ಇನ್ನೊಬ್ಬಳ ಬಾಯೊಳಗೆ ನನ್ನ ನಾಲಿಗೆ ಇಟ್ಕೊಂಡು ಎಷ್ಟು ವರ್ಷ ಬದುಕ್ಲಿ ಅಮ್ಮ? ಅಲ್ಲಿ ಪ್ರತಿಯೊಬ್ರೂ ತಂತಮ್ಮ ಸ್ವರದಲ್ಲೇ ಮಾತಾಡ್ತಾರೆ, ಕೆಳಗೆ ಅಕ್ಷರ ಬರುತ್ತೆ, ಜನ ಓದ್ಕೋತಾರೆ" ಎಂದೆ. "ಓದುವುದಾದರೆ ಪುಸ್ತಕವಿದೆ, ನೋಡುವುದಾದರೆ ಕಣ್ಣು ಮುಖದ ಮೇಲಿರಬೇಕು, ಮುಖದ ಕೆಳಗಲ್ಲ" ಎಂದೆ ನಾನು. ಆ ಮಾತನ್ನು ಇಂದಿಗೂ ಹಿಂತೆಗೆದುಕೊಳ್ಳುವುದಿಲ್ಲ. ನೀನು ಕರೆದುಕೊಂಡು ಹೋಗಿದ್ದ ಆ ಡಚ್ ಚಿತ್ರಮಂದಿರವನ್ನಂತೂ ಮರೆಯಲಾರೆ. ನಾಯಕಿ ಬಾಗಿಲು ತೆರೆದು ಒಂದು ವಾಕ್ಯ ಶುರುಮಾಡಿದ್ದಾಳೆ, ಕರ್ಮಪದ ಇನ್ನೂ ಬಂದಿಲ್ಲ, ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು, ದೀಪ ಹತ್ತಿತು. ಯಂತ್ರ ಕೆಟ್ಟಿತೆಂದು ನಾನು ಎದ್ದು ನಿಂತು ವ್ಯವಸ್ಥಾಪಕರನ್ನು ಕರೆಯಿರಿ ಎಂದು ಇಡೀ ಸಾಲಿಗೆ ಕೇಳುವಂತೆ ಹೇಳಿದೆ. ಶೂರ್ಡ್ ನನ್ನ ಕೋಟಿನ ಅಂಚು ಹಿಡಿದೆಳೆದು, "ಅತ್ತೆ, ಕೂತ್ಕೊಳ್ಳಿ, ಏನೂ ಕೆಟ್ಟಿಲ್ಲ. ಕಾಫಿ ಕುಡಿಯೋಕೆ ಬಿಟ್ಟಿದಾರೆ" ಎಂದ. ಒಂದು ವಾಕ್ಯದ ನಡುವೆ ಕಾಫಿ! ನಿಮ್ಮ ದೇಶದಲ್ಲಿ ಎಲ್ಲರೂ ಕುಳಿತಿದ್ದಾಗ ನಾನೊಬ್ಬಳೇ ಎದ್ದು ನಿಂತದ್ದು ಅದೊಂದೇ ಸಲ. ಆ ದಿನವೂ ಸರಿಯಾದ ಕಾರಣಕ್ಕೇ ನಿಂತಿದ್ದೆ ಎಂಬುದು ನನ್ನ ಅಭಿಪ್ರಾಯ.

ಆದರೆ ಆ ದಿನ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಆ ಚಿತ್ರದ ನಾಯಕಿ ನಿನ್ನವಳೇ. ನಮ್ಮ ಟಿವಿಯಲ್ಲಿ ಬರುತ್ತಿದ್ದ ಫ್ರೆಂಚ್ ಪತ್ತೇದಾರಿ ಧಾರಾವಾಹಿಯಲ್ಲಿ ಒಂಬತ್ತು ವರ್ಷ ಯಾರ ಮುಖಕ್ಕೆ ನೀನು ಸ್ವರ ಕೊಟ್ಟೆಯೋ ಅವಳು. ಗುರುವಾರ ಸಂಜೆ ಎಂಟೂಕಾಲಿಗೆ ಈ ಮನೆಯಲ್ಲಿ ಬೇರೆ ಕೆಲಸ ನಡೆಯುತ್ತಿರಲಿಲ್ಲ. ನಿನ್ನ ತಂದೆ ಆಸ್ಪತ್ರೆಯಲ್ಲಿದ್ದಾಗಲೂ ಮುಖ ಗೋಡೆಯ ಕಡೆಗಿಟ್ಟು, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು: "ಶ್, ಗೆಜೀನೆ ಮಾತಾಡ್ತಿದಾಳೆ." ಬ್ರೆಡ್ ಅಂಗಡಿಯ ಹುಡುಗಿ ನೀನು ಎರಡು ಬನ್ನು ಕೇಳಿದ ಕೂಡಲೇ ತಿರುಗಿ ನೋಡಿದ್ದು ನೆನಪಿದೆಯೇ? ಅಂದು ನಿಮ್ಮ ಚಿತ್ರಮಂದಿರದಲ್ಲಿ ಆ ಮುಖ ಪರದೆಯ ಮೇಲೆ ಬಂತು, ತುಟಿ ತೆರೆಯಿತು, ಯಾರೋ ಅಪರಿಚಿತಳ ದಪ್ಪ ಸ್ವರ ಹೊರಬಂತು. ಅದು ಅವಳ ಸ್ವಂತ ಸ್ವರ. ಅದೇ ಸರಿಯಾದದ್ದೆಂದು ನನಗೂ ಗೊತ್ತಿದೆ. ಆದರೂ ಯಾರೋ ನನ್ನ ಮಗಳನ್ನು ಅವಳ ಮನೆಯಿಂದ ಹೊರಗೆ ಹಾಕಿದ ಹಾಗಾಯಿತು. ಕೆಳಗಿನ ಅಕ್ಷರಗಳನ್ನು ನಾನು ಓದಲಿಲ್ಲ ಎಂದು ನೀನು ಬೈದೆಯಲ್ಲ, ಭಾಷೆ ಬಾರದೆ ಅಲ್ಲ, ಕಣ್ಣು ಮಂಜಾಗಿತ್ತು. ಇದು ನಿನ್ನ ವಾದಕ್ಕೆ ಸೋಲಲ್ಲ, ನನ್ನ ವಾದಕ್ಕೆ ಗೆಲುವೂ ಅಲ್ಲ. ನಡೆದದ್ದು ಇದು, ಅಷ್ಟೆ.

ಈಗ ಮುಖ್ಯ ವಿಷಯ. ನಮ್ಮ ನಗರ ರಂಗಮಂದಿರ ಮಾರ್ಚ್ ತಿಂಗಳಲ್ಲಿ ಮೂರು ಸಂಜೆ ನಿನ್ನ ನಾಟಕವನ್ನು, ನಿನ್ನದೇ ಜರ್ಮನ್ ಅನುವಾದದಲ್ಲಿ, ಇಲ್ಲಿ ಆಡಲು ಕರೆದಿದೆ. ಈ ತಿಂಗಳ ಹದಿನೈದರೊಳಗೆ ಉತ್ತರ ಕೊಡಬೇಕು. ನೀನು ಒಲ್ಲೆ ಎನ್ನುವವಳಿದ್ದೀಯೆ. ಅದನ್ನೂ ವೋಲ್ಫ್ರಾಮ್ ಬಾಯಿಂದಲೇ ಹೊರಡಿಸಿದೆ: "ಆ ಊರಲ್ಲಿ ನಾನು ಆಡಲ್ಲ ಕಣೋ. ಅಲ್ಲಿ ಕೂತಿರೋರು ಪ್ರೇಕ್ಷಕರಲ್ಲ, ಪರೀಕ್ಷಕರು. ಎಲ್ರೂ ಅಮ್ಮಂದಿರೇ" ಎಂದೆಯಂತೆ. ಸರಿಯಾಗಿಯೇ ಹೇಳಿದ್ದೀಯೆ. ನಾವು ಎಂಟುನೂರು ಅಮ್ಮಂದಿರು. ಇಲ್ಲಿ ಕೋಟನ್ನು ಬಾಗಿಲ ಬಳಿ ಕೋಟು ಕಾಯುವವರ ಕಟ್ಟೆಯಲ್ಲಿ ಕೊಟ್ಟು, ಚೀಟಿಯನ್ನು ಕೈಚೀಲದಲ್ಲಿ ಭದ್ರವಾಗಿಟ್ಟು, ಕೂದಲು ಸರಿಮಾಡಿಕೊಂಡು, ಬಂದ ಕೆಲಸಕ್ಕಾಗಿ ಕೂರುತ್ತೇವೆ. ನಗು ಬಂದರೆ ಮಾತ್ರ ನಗುತ್ತೇವೆ. ನಿಮ್ಮಲ್ಲಿ ನಾಲ್ಕು ಜನ ಒಂದು ವ್ಯಾನಿನಲ್ಲಿ ದಿನಕ್ಕೊಂದು ಊರು ತಿರುಗಿ, ನಾಳೆ ಆ ಊರು ನಿಮ್ಮನ್ನು ಮರೆಯುವ ಮೊದಲೇ ಇನ್ನೊಂದು ಊರಿನಲ್ಲಿರುತ್ತೀರಿ. ಇಲ್ಲಿ ನಟರು ಇದೇ ಊರಿನಲ್ಲಿ ಇಪ್ಪತ್ತು ವರ್ಷ ಇರುತ್ತಾರೆ. ನಿನ್ನೆ ರಾಜನಾಗಿ ಸೋತವನು ಇಂದು ನನ್ನ ಹಿಂದೆಯೇ ಮಾರುಕಟ್ಟೆಯಲ್ಲಿ ಎಲೆಕೋಸಿಗೆ ನಿಂತಿರುತ್ತಾನೆ, ನಾನು ಅವನಿಗೆ ಹೇಳಬೇಕಾದದ್ದನ್ನು ಹೇಳುತ್ತೇನೆ. ಮಾತು ಮರೆತರೆ ಎತ್ತಿಕೊಡುವವಳು ಕೂಡ ಮೊದಲ ಸಾಲಿನಲ್ಲಿ ಪುಸ್ತಕ ಹಿಡಿದು ಕುಳಿತಿರುತ್ತಾಳೆ. ನಮ್ಮ ಜನ ಕಲ್ಲಲ್ಲ, ಗೆಜೀನೆ. ಅವರಿಗೆ ಜ್ಞಾಪಕ ಶಕ್ತಿ ಇದೆ. ನೀನು ಹೆದರುತ್ತಿರುವುದು ಅದಕ್ಕೆ.

ಆದ್ದರಿಂದ ಬಾ. ನಾನು ಕುಳಿತಿದ್ದೆ, ಕುಳಿತಿರಬಲ್ಲೆ ಎಂದು ತಿಳಿದೇ ಬಾ. ಮೊಣಕಾಲಿನ ಮುದುಕಿಯನ್ನು ನಂಬಿ ಬರಬೇಡ, ಅವಳು ಬರುವುದಿಲ್ಲ. ಆರನೆಯ ಸಾಲಿನ ಹನ್ನೊಂದರಲ್ಲಿ ನಾನಿರುತ್ತೇನೆ. ಹನ್ನೆರಡರ ಚಂದಾವನ್ನೂ ಬಿಟ್ಟಿಲ್ಲ. ನಿನ್ನ ತಂದೆ ಹೋದ ಮೇಲೆ ಕಚೇರಿಯ ಹೆಂಗಸು "ಆ ಸೀಟು ಬೇರೆಯೋರಿಗೆ ಕೊಡೋಣ್ವಾ ಮೇಡಂ?" ಎಂದಾಗ, "ನನ್ನ ಮಗಳು ಊರಿಗೆ ಬಂದಾಗ ಎಲ್ಲಿ ಕೂರುತ್ತಾಳೆ?" ಎಂದು ಕೇಳಿದ್ದೆ. ನೀನು ವೇದಿಕೆಯ ಮೇಲಿರುವ ದಿನ ಅದು ಖಾಲಿ ಇದ್ದರೆ ಅದೊಂದು ಸರಿಯಾದ ಖಾಲಿ. ಮಾರ್ಚಿನಲ್ಲಿ ಏಳುತ್ತೇನೆ ಎಂದು ಮಾತು ಕೊಡುವುದಿಲ್ಲ. ಮೊದಲೇ ಕೊಟ್ಟ ಮಾತಿಗೆ ಬೆಲೆ ಏನು? ಚೆನ್ನಾಗಿ ಆಡು. ಆಮೇಲೆ ಕತ್ತಲೆಯಲ್ಲಿ ಒಂದು ಉಸಿರಿನಷ್ಟು ಹೊತ್ತು ಕಾಯು. ನಾವು ಆ ಒಂದು ಉಸಿರನ್ನು ಕೊಡುವ ಜನ. ಆ ನಿಶ್ಶಬ್ದ ನಿಮ್ಮ ಆರುನೂರು ಜನರ ಕಾಲುಗಳಿಂದ ಸಿಗುವುದಿಲ್ಲ.

ನಾಳೆ ನಿಮ್ಮಲ್ಲಿ ಸಂತ ನಿಕೋಲಾಸನ ಸಂಜೆ. ಪದ್ಯ ಬರೆದು ಒಬ್ಬರನ್ನೊಬ್ಬರು ಹಂಗಿಸಿಕೊಳ್ಳುವ ದಿನ. ಆಲ್ಟ್ಯೆ ನನ್ನ ಮೇಲೆ ಪದ್ಯ ಬರೆಯದೆ ಬಿಡಲಾರರು. ಪ್ರಾಸ ಸರಿಯಾಗಿದ್ದರೆ ನನಗೊಂದು ಪ್ರತಿ ಕಳುಹಿಸಲಿ. ಮೊಣಕಾಲು ಕವಚದ ಕೆಳಗೆ, ಡಬ್ಬಿಯಲ್ಲಿ, ಸ್ಪೆಕುಲಾಟ್ಸಿಯುಸ್ ಬಿಸ್ಕತ್ತು ಇಟ್ಟಿದ್ದೇನೆ. ಏಲಕ್ಕಿ ಈ ಸಲ ಹೆಚ್ಚಾಯಿತು, ಒಪ್ಪುತ್ತೇನೆ. ಶೂರ್ಡ್‌ಗೆ ನನ್ನ ಆಶೀರ್ವಾದ, ನಿನ್ನ ಅತ್ತೆಗೆ ನನ್ನ ನಮಸ್ಕಾರ. ನಿನ್ನ ಹಗ್ಗ ನಿನ್ನ ಕೈಯನ್ನು ಕೊಯ್ಯದಿರಲಿ, ನಿನ್ನ ನದಿ ತುಂಬಿರಲಿ.

ಇಂತು, ಯಾವ ನೋವೂ ಇಲ್ಲದ,
ನಿನ್ನ ತಾಯಿ
ರೋಸ್ವಿಥಾ ಟೇಬ್ರುಗೆ

ಮತ್ತೊಂದು ಮಾತು: ಐದು ಗಂಟೆಗೆ ಟಪಾಲಿನ ಗಾಡಿ ಬರುತ್ತದೆ, ಆದ್ದರಿಂದ ಅವಸರದಲ್ಲಿ. ಮೇಲಿನದನ್ನೆಲ್ಲ ಇದು ಇಲ್ಲದೆಯೇ ನೀನು ಓದಬೇಕೆಂದು ಇದನ್ನು ಕೊನೆಗೆ ಇಟ್ಟೆ. ಔಷಧಿಯ ಮೇಲೆ ಸಕ್ಕರೆ ಸವರಿದ ಹಾಗಾಗಬಾರದು. ನವೆಂಬರ್ ಹತ್ತೊಂಬತ್ತರ ಭಾನುವಾರ ನಾನು ಒಬ್ಬಳೇ ರೈಲು ಹತ್ತಿ, ಎನ್ಸ್ಖೆಡೆಯಲ್ಲೂ ಹೆಂಗೆಲೋದಲ್ಲೂ ಬದಲಿಸಿ, ಓಲ್ಡೆನ್ಜಾಲಿಗೆ ಬಂದಿದ್ದೆ. ಅಲ್ಲಿ ನಿನ್ನ ನಾಟಕದ ಮಧ್ಯಾಹ್ನ ಮೂರರ ಆಟ. ಹೊರಗೆ ಮಳೆಗಾಳಿ, ಒಳಗೆ ನಲವತ್ತು ಜನವೂ ಇರಲಿಲ್ಲ. ನಾನು ಕೊನೆಯ ಸಾಲಿನಲ್ಲಿ ಕಂಬದ ಹಿಂದೆ ಇದ್ದೆ. ನಿನ್ನ ಗಂಟಲು ಕಟ್ಟಿತ್ತು, ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಕೆಮ್ಮುತ್ತಿದ್ದ, ಯಾರೂ ನಗುವ ಕಡೆ ನಗಲಿಲ್ಲ. ಕೊನೆಯಲ್ಲಿ ನೀನು ಅಳಲಿಲ್ಲ. ಅಳುವಷ್ಟು ಸ್ವರ ಇರಲಿಲ್ಲವೋ, ಬೇಡವೆನಿಸಿತೋ, ನನಗೆ ತಿಳಿಯದು. ನೀನು ಹಗ್ಗವನ್ನು ಮೂರು ಸಲ ಎಳೆದೆ, ನಿಲ್ಲಿಸಿದೆ, ಅಂಗೈ ಬಿಡಿಸಿ ನೋಡಿಕೊಂಡೆ. ಮುಂದಿನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದವರಿಗೆ ಹೇಳುವ ಹಾಗೆ, "ಆ ದಡದಲ್ಲಿ ನನಗೇನೂ ಕೆಲಸವಿಲ್ಲ" ಎಂದೆ. ನನ್ನ ಕೈಯಲ್ಲಿ ಕೆಂಪು ಪೆನ್ಸಿಲು ಇದ್ದಿದ್ದರೆ ಕೆಳಗೆ ಬಿದ್ದಿರುತ್ತಿತ್ತು. ನನ್ನ ಆ ಹನ್ನೊಂದು ಹೆಸರುಗಳಿಗೆ ಹನ್ನೆರಡನೆಯದು ಅಂದು ಸೇರಿತು.

ನಾನು ಎದ್ದು ನಿಂತೆ. ಆದರೆ ಎಂದಿನಂತೆ ಅಲ್ಲಿ ಎಲ್ಲರೂ ಎದ್ದರು. ಅವರ ನಡುವೆ ನಾನು ನಿಂತದ್ದು ನಿನಗೆ ಕಾಣುವ ಬಗೆಯೇ ಇರಲಿಲ್ಲ. ನಿಮ್ಮ ಪದ್ಧತಿಯ ಮೇಲೆ ನನ್ನ ಕೊನೆಯ ದೂರು ಇದೇ: ಅಲ್ಲಿ ತಾಯಿಯೊಬ್ಬಳು ಮಗಳಿಗಾಗಿ ಏಳುವುದಕ್ಕೂ ಜಾಗವಿಲ್ಲ. ಅದಕ್ಕೇ ನೀನು ಒಳಗೆ ಹೋದ ಮೇಲೆ, ಅವರೆಲ್ಲ ಕೋಟಿಗಾಗಿ ಹೊರಟ ಮೇಲೆ, ದೀಪಗಳೆಲ್ಲ ಹತ್ತಿದ ಮೇಲೆ ನಾನು ನಿಂತೇ ಇದ್ದೆ. ಪಕ್ಕದವರು "ಏನಮ್ಮಾ, ಕೂರೋಕಾಗ್ತಿಲ್ವಾ? ಮೊಣಕಾಲು ಹಿಡ್ಕೊಂಡಿದ್ಯಾ?" ಎಂದು ಕೇಳಿದರು. "ಮೊಣಕಾಲು ಚೆನ್ನಾಗಿದೆ" ಎಂದೆ. ವೋಲ್ಫ್ರಾಮ್‌ನನ್ನು ನಂಬಿದ ನೀನು ನನ್ನೊಬ್ಬಳ ಮಾತನ್ನು ಹೇಗೆ ನಂಬುತ್ತೀಯೆ? ವಿಚಾರಿಸಿಕೋ. ನಾನು ನಿಂತದ್ದನ್ನು ಕಂಡವರು ಇವರು, ಹೆಸರು ಕೇಳಿಯೇ ಬರೆದುಕೊಂಡೆ: ಮೊಣಕಾಲಿನ ವಿಷಯ ಕೇಳಿದ ನಿವೃತ್ತ ನೇಕಾರ ಖೇರಿಟ್ ಎಕ್‌ಹೌಟ್, ನನ್ನ ತೋಳು ಹಿಡಿಯಲು ಬಂದು ಸುಮ್ಮನೆ ತಾವೂ ಪಕ್ಕದಲ್ಲಿ ನಿಂತ ಅವರ ಹೆಂಡತಿ ಡೀನಿ ಎಕ್‌ಹೌಟ್, ಬಾಗಿಲಿನಿಂದ "ನಾಟಕ ಮುಗೀತು ಮೇಡಂ" ಎಂದ ಕೋಟು ಕಟ್ಟೆಯ ಹಿಲ್ಲೆಖೀನ್ ನೈಹೌಸ್, ಮರೆತ ಕೈಗವಸಿಗಾಗಿ ಹಿಂದಿರುಗಿದ ಆರ್ಗನ್ ವಾದಕಿ ಬೆರೆಂಡೀನಾ ಸ್ಖೋಲ್ಟೆನ್, ದೀಪ ನಡೆಸುವ ಮೇಲಿನ ಕೋಣೆಯ ಕಿಂಡಿಯಿಂದ ನೋಡಿ, ನನ್ನ ಕೋರಿಕೆಯ ಮೇರೆಗೆ ಹದಿನೈದು ದಿನ ಬಾಯಿ ಮುಚ್ಚಿಕೊಂಡ, ಅದಕ್ಕಾಗಿ ನೀನು ಬೈಯಬಾರದ, ನಿನ್ನ ಗಂಡ ಶೂರ್ಡ್, ಮತ್ತು ಕೊನೆಯ ಸಾಲು, ಇಪ್ಪತ್ತೆರಡನೆಯ ಆಸನದ ಮುಂದೆ, ರೋಸ್ವಿಥಾ ಟೇಬ್ರುಗೆ.